ಒಂದೇ ನಂಬರಿನ ಎರಡು ತೋಟಾ

ನನ್ನ ಮಾವನಿಗೆ ಕಣ್ಣು ಕಾಣಿಸುತ್ತಿಲ್ಲ ಎಂಬುದು ಮನೆಯಲ್ಲಿ ಮೊದಲು ಗೊತ್ತಾದದ್ದು ನನಗೆ. ಮದುವೆಯಾಗಿ ಕೋಲಾರದ ಆ ಮನೆಗೆ ಬಂದು ಇನ್ನೂ ಎಂಟು ತಿಂಗಳಾಗಿರಲಿಲ್ಲ. ಮನೆಯ ಮುಂಭಾಗವೇ ಅಂಗಡಿ. ಮಾವ ಕೋವಿ ರಿಪೇರಿ ಮಾಡುತ್ತಿದ್ದರು, ಲೈಸೆನ್ಸು ಇದ್ದವರಿಗೆ ತೋಟಾ ಮಾರುತ್ತಿದ್ದರು. ಒಂದು ದಿನ ಮಜ್ಜಿಗೆ ಕೊಡಲು ಹೋದಾಗ ಅವರು ಬಾಗಿಲ ಬೆಳಕಿಗೆ ಒಂದು ತೋಟಾ ಹಿಡಿದು, ಅದರ ತಳದಲ್ಲಿ ಕೊರೆದಿದ್ದ ನಂಬರು ಓದುವವರಂತೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು. ಆದರೆ ತೋಟಾದ ತಳ ನನ್ನ ಕಡೆಗಿತ್ತು. ಗುಂಡಿನ ತುದಿ ಅವರ ಮೂಗಿನ ಕಡೆಗಿತ್ತು.

"ಫೋರ್-ನಾಟ್-ಫೋರ್" ಎಂದೆ, ತಡೆಯಲಾರದೆ.

ಅವರು ಬೆಚ್ಚಿ ಕೈ ಇಳಿಸಿದರು. "ನಿಂಗೆ ಇಂಗ್ಲಿಷ್ ನಂಬರು ಬರ್ತಾದಾ?" ಎಂದು ಕೇಳಿದರು.

"ಲೋವರ್ ಸೆಕೆಂಡರಿ ತನಕ ಓದಿದ್ದೀನಿ ಮಾವ."

"ಯಾರಿಗೂ ಹೇಳ್ಬೇಡ ಕಣಮ್ಮ" ಎಂದರು. ಓದಿದ್ದನ್ನು ಹೇಳಬೇಡ ಎಂದಲ್ಲ, ಕಣ್ಣಿನ ವಿಷಯ ಹೇಳಬೇಡ ಎಂದು. "ನಿಮ್ಮತ್ತೆಗೂ ಹೇಳ್ಬೇಡ. ಕಚೇರೀಲಿ ಗೊತ್ತಾದ್ರೆ ಲೈಸೆನ್ಸು ಕಿತ್ಕೊಂತಾರೆ. ಕಣ್ಣಿಲ್ಲದೋನ ಕೈಗೆ ಕೋವಿ ಯಾರು ಕೊಡ್ತಾರೆ?"

ನಾನು ಸುಗಟೂರಿನವಳು. ನಮ್ಮಪ್ಪ ಊರಿಗೆ ನೇಗಿಲು, ಕುಡುಗೋಲು ಮಾಡಿಕೊಡುತ್ತಿದ್ದ ಕುಲುಮೆಯವರು. ಕಬ್ಬಿಣ, ಎಣ್ಣೆ, ಇದ್ದಲಿನ ನಡುವೆಯೇ ಬೆಳೆದವಳು ನಾನು. ತಿದಿ ಒತ್ತಿದ್ದೇನೆ, ಅರ ಹಿಡಿದಿದ್ದೇನೆ. ಆದ್ದರಿಂದ ಮಾವನ ಅಂಗಡಿ ನನಗೆ ಹೆದರಿಕೆ ಹುಟ್ಟಿಸುವ ಜಾಗವಾಗಿರಲಿಲ್ಲ. ನನ್ನ ಯಜಮಾನರು ಚಿನ್ನದ ಗಣಿಯ ವರ್ಕ್‌ಷಾಪಿನಲ್ಲಿ ಫಿಟ್ಟರ್ ಆಗಿದ್ದರು. ಶನಿವಾರ ಸಂಜೆ ಬೌರಿಂಗ್‌ಪೇಟೆಯಿಂದ ಚಿಕ್ಕ ರೈಲು ಹಿಡಿದು ಬಂದರೆ ಸೋಮವಾರ ಬೆಳಿಗ್ಗೆ ಹೊರಟುಬಿಡುತ್ತಿದ್ದರು. ವಾರದ ಉಳಿದ ದಿನಗಳಲ್ಲಿ ಮನೆಯಲ್ಲಿ ಇರುತ್ತಿದ್ದವರು ನಾನು, ಅತ್ತೆ, ಮಾವ ಮೂವರೇ.

ಮಾರನೆಯ ದಿನ ಅತ್ತೆ ನೀರಿಗೆ ಹೋದಾಗ ಮಾವ ನನ್ನನ್ನು ಕರೆದು ಮರದ ಪೆಟ್ಟಿಗೆ ತೆರೆದರು. ಒಳಗೆ ಸಣ್ಣ ಸಣ್ಣ ಖಾನೆಗಳು, ಒಂದೊಂದರಲ್ಲಿ ಒಂದೊಂದು ಜಾತಿಯ ತೋಟಾ. ನನ್ನ ಕಿರುಬೆರಳಿಗಿಂತ ಚಿಕ್ಕದಾದ ಟೂ-ಟೂವಿನಿಂದ ಹಿಡಿದು ಬಾಳೆಕಾಯಿ ಉದ್ದದ ಫೋರ್-ಸೆವೆಂಟಿವರೆಗೂ ಇದ್ದವು.

"ಇಷ್ಟೊಂದು ಬಗೆ ಯಾತಕ್ಕೆ ಮಾವ? ಕೊಲ್ಲೋದು ಒಂದೇ ಅಲ್ವಾ?"

ಅವರು ನಕ್ಕರು. "ಮೊಲಕ್ಕೆ ಫೋರ್-ಸೆವೆಂಟಿ ಹೊಡೆದ್ರೆ ಏನು ಉಳೀತದೆ, ಎರಡು ಕಿವಿ. ಕರಡಿಗೆ ಟೂ-ಟೂ ಹೊಡೆದ್ರೆ ಹೊಡೆದೋನು ಉಳಿಯಲ್ಲ. ಬಯಲಲ್ಲಿ ದೂರ ನಿಂತಿರೋ ಜಿಂಕೆಗೆ ಸಣ್ಣ ಗುಂಡು, ಬಿರುಸಾಗಿ ಹೋಗ್ಬೇಕು. ಪೊದೆ ಒಳಗಿರೋ ಹಂದಿಗೆ ದಪ್ಪ ಗುಂಡು, ನಿಧಾನಕ್ಕೆ ಹೋದ್ರೂ ಪರವಾಗಿಲ್ಲ, ತೂಕ ಇರ್ಬೇಕು. ಆಮೇಲೆ ಒಬ್ಬೊಬ್ಬ ತಯಾರಿಕೆಯೋನಿಗೂ ತನ್ನದೇ ಒಂದು ನಂಬರು ಇರ್ಬೇಕು ಅಂತ ಚಪಲ. ಇಂಗ್ಲೆಂಡಿನೋನದು ಒಂದು, ಅಮೆರಿಕದೋನದು ಇನ್ನೊಂದು, ಜರ್ಮನಿಯೋನು ಇಂಚೇ ಬೇಡ, ಮಿಲಿಮೀಟರು ಅಂತಾನೆ."

ಆ ದೊಡ್ಡ ತೋಟಾಗಳು ನಮ್ಮ ಸೀಮೆಯ ಬೇಟೆಗೆ ಬೇಕಾದವಲ್ಲ. ಗಣಿಯ ದೊರೆಗಳು ರಜೆಯಲ್ಲಿ ಮೈಸೂರಿನ ಆಚೆಯ ಕಾಡುಗಳಿಗೆ ಆನೆ, ಕಾಟಿ ಹೊಡೆಯಲು ಹೋಗುವಾಗ ಒಯ್ಯುತ್ತಿದ್ದವು. ನಮ್ಮ ಕಡೆಯವರದು ಬೇರೆ. ಮುಳಬಾಗಿಲಿನ ಗುಡ್ಡಗಳ ಕಡೆಯಿಂದ ರೈತರು ಹಂದಿ ಓಡಿಸುವ ಕೇಪಿನ ಕೋವಿ ತರುತ್ತಿದ್ದರು, ಬಾಯಿಂದ ಮದ್ದು ತುಂಬುವಂಥವು. ಕೆರೆಯ ಬಾತು ಹೊಡೆಯುವ ಜಮೀನ್ದಾರರ ಹತ್ತಿರ ಹನ್ನೆರಡು ಬೋರಿನ ಜೋಡಿ ನಳಿಗೆ ಇರುತ್ತಿತ್ತು. ಫೌಜಿನ ತ್ರೀ-ನಾಟ್-ತ್ರೀ ಖಾಸಗಿಯವರ ಕೈಯಲ್ಲಿ ಇರಬಾರದು ಎಂದು ಕಾನೂನು, ಅದನ್ನು ಮಾವ ಮುಟ್ಟುತ್ತಿರಲಿಲ್ಲ.

ಅಂದಿನಿಂದ ಒಂದು ವಿಚಿತ್ರವಾದ ಪಾಠಶಾಲೆ ಶುರುವಾಯಿತು. ಮಾವ ಬೆರಳಿನಿಂದ ಗುರುತಿಸುವುದನ್ನು ನನಗೆ ಕಲಿಸಿದರು. ತಳಕ್ಕೆ ಅಂಚು ಇದೆಯೋ ಇಲ್ಲವೋ, ಕತ್ತು ನೇರವೋ ಭುಜ ಇಳಿದಿದೆಯೋ, ಗುಂಡಿನ ಮೂತಿ ಮೊಂಡೋ ಚೂಪೋ. ನಾನು ಕಣ್ಣು ಮುಚ್ಚಿಕೊಂಡು ಹೇಳಬೇಕು, ತಪ್ಪಾದರೆ ಮತ್ತೆ ಹೇಳಬೇಕು. ಬದಲಿಗೆ ನಾನು ಅವರಿಗೆ ನಂಬರು ಓದಿ ಹೇಳುತ್ತಿದ್ದೆ, ನಳಿಗೆಯ ಒಳಗೆ ತುಕ್ಕು ಎಲ್ಲಿದೆ ಎಂದು ನೋಡಿ ಹೇಳುತ್ತಿದ್ದೆ. ಯಜಮಾನರಿಗೆ ಮಾತ್ರ ವಿಷಯ ತಿಳಿಸಿದೆವು. ಮುಂದಿನ ವಾರ ಅವರು ಬಟ್ಟೆಯಲ್ಲಿ ಸುತ್ತಿ ಒಂದು ಮೈಕ್ರೊಮೀಟರು ತಂದರು. ವರ್ಕ್‌ಷಾಪಿನ ಮೇಲಧಿಕಾರಿ ಹಳೆಯದೆಂದು ಇವರಿಗೆ ಕೊಟ್ಟದ್ದು. ತಿರುಪು ತಿರುಗಿಸಿ ಹಿಡಿದರೆ ಒಂದು ಇಂಚನ್ನು ಸಾವಿರ ಪಾಲು ಮಾಡಿ ಅದರಲ್ಲಿ ಎಷ್ಟು ಎಂದು ಹೇಳುವ ಉಪಕರಣ ಅದು. ಯಜಮಾನರು ಭಾನುವಾರವೆಲ್ಲ ಕೂತು ಅದನ್ನು ಓದುವ ರೀತಿ ಹೇಳಿಕೊಟ್ಟರು. ನನ್ನ ತಲೆಕೂದಲು ಒಂದನ್ನು ಕಿತ್ತು ಅಳೆದು, "ಮೂರು" ಎಂದು ನಾನು ಹೇಳಿದಾಗ ಇಬ್ಬರೂ ಮಕ್ಕಳ ಹಾಗೆ ನಕ್ಕೆವು.

ಆದರೆ ಅದರಿಂದ ನನಗೊಂದು ಗಾಬರಿ ಹುಟ್ಟಿತು. ಫೋರ್-ನಾಟ್-ಫೋರ್ ಎಂದು ಹೆಸರಿದ್ದ ಗುಂಡನ್ನು ಅಳೆದರೆ ಸಾವಿರ ಪಾಲಿನಲ್ಲಿ ನಾನ್ನೂರ ನಾಲ್ಕು ಬರಲಿಲ್ಲ, ನಾನ್ನೂರ ಇಪ್ಪತ್ತರ ಮೇಲೆ ಬಂತು. ಮೂರು ಸಲ ಅಳೆದೆ. ಅಳುಕುತ್ತಾ ಮಾವನಿಗೆ ಹೇಳಿದೆ.

"ನಿಂದು ತಪ್ಪಿಲ್ಲ ಕಣಮ್ಮ, ಹೆಸರೇ ತಪ್ಪು" ಎಂದರು ಅವರು. "ನಳಿಗೆ ಒಳಗೆ ಸುತ್ತಿಕೊಂಡು ಹೋಗೋ ಗೀರುಗಳು ಇರ್ತಾವಲ್ಲ, ಗುಂಡನ್ನ ಬುಗುರಿ ಹಂಗೆ ತಿರುಗಿಸೋಕೆ. ಒಬ್ಬ ಗೀರಿನ ದಿಣ್ಣೆಯಿಂದ ದಿಣ್ಣೆಗೆ ಅಳೆದು ಹೆಸರಿಡ್ತಾನೆ, ಇನ್ನೊಬ್ಬ ತಗ್ಗಿಂದ ತಗ್ಗಿಗೆ ಅಳೀತಾನೆ. ಮತ್ತೊಬ್ಬ ಬಾಯಿಗೆ ಬಂದಿದ್ದು ಇಡ್ತಾನೆ. ಹೆಸರು ನಂಬಬೇಡ, ಅಳತೆ ನಂಬು."

ಅತ್ತೆಗೆ ಇದು ಯಾವುದೂ ಸರಿಕಾಣಲಿಲ್ಲ. ಸೊಸೆ ಅಂಗಡಿಯ ಕಡೆ ಯಾಕೆ ಹೋಗುತ್ತಾಳೆಂದು ದಿನಾ ಸಿಡುಕುತ್ತಿದ್ದರು. ಕೊನೆಗೆ ಮಾವ ಅಂಗಡಿಗೂ ನಡುಮನೆಗೂ ನಡುವೆ ಒಂದು ಗೋಣಿಯ ಪರದೆ ಕಟ್ಟಿಸಿದರು. ಗಿರಾಕಿ ಬಂದರೆ, "ಎಣ್ಣೆ ಹಚ್ಚಿ ತರ್ತೀನಿ ಇರಿ" ಎಂದು ಕೋವಿಯನ್ನು ಒಳಗೆ ತರುವರು. ನಾನು ಪರದೆಯ ಹಿಂದೆ ನೋಡಿ, ಅಳೆದು, ಪಿಸುದನಿಯಲ್ಲಿ ಹೇಳುವೆ. ಅವರು ಹೊರಗೆ ಹೋಗಿ ತಮ್ಮ ಕಣ್ಣಲ್ಲಿ ಕಂಡವರ ಹಾಗೆ ಹೇಳುವರು. ಹೀಗೆ ಒಂದು ವರ್ಷದ ಮೇಲೆ ನಡೆಯಿತು. ಒಂದು ತಪ್ಪೂ ಆಗಲಿಲ್ಲ.

ಟೇಕಲ್ಲಿನ ಜಮೇದಾರರು ಬಂದದ್ದು ಒಂದು ಮಾಗಿಯ ಕಾಲದ ಬೆಳಿಗ್ಗೆ. ಅವರು ಫೌಜಿನಲ್ಲಿದ್ದು ನಿವೃತ್ತರಾಗಿ ಊರಿನಲ್ಲಿ ಜಮೀನು ಮಾಡಿಸುತ್ತಿದ್ದರು. ಎತ್ತರದ ಆಳು, ಬಿಳಿಯ ಮೀಸೆ, ಗಟ್ಟಿ ದನಿ. ಹೆಗಲಿನಲ್ಲಿ ಒಂದು ಜರ್ಮನಿ ರೈಫಲ್ಲು, ಹಳೆಯ ಕಾಲದ್ದು. ಕೈಯಲ್ಲಿ ಹೊಸ ತೋಟಾದ ಡಬ್ಬಿ.

"ಟೇಕಲ್ ಬೆಟ್ಟದಾಗೆ ಚಿರತೆ ಸೇರ್ಕೊಂಡದೆ" ಎಂದರು. "ಮೂರು ಕರು ಹೋದ್ವು. ಮೊನ್ನೆ ಹಾಡಹಗಲೇ ಕೊಟ್ಟಿಗೆ ತನಕ ಬಂದಿತ್ತು. ಹೆಂಗಸರು ಹುಲ್ಲಿಗೆ ಹೋಗೋಕೆ ಹೆದರ್ತಾವ್ರೆ. ನಾಳೆ ಸಾಯಂಕಾಲ ಮರದಾಗೆ ಕಟ್ಟಿರೋ ಮಚಾನಿನ ಮ್ಯಾಲೆ ಕೂತ್ಕೊಂತೀನಿ. ಇದನ್ನ ಒಂದು ಸಲ ಸಾಫ್ ಮಾಡಿ ಕೊಡಪ್ಪಾ. ಹತ್ತು ವರ್ಷ ಆತು ಹೊಡೆದು. ತೋಟಾ ನನ್ನ ಹಳೇ ಜೊತೆಗಾರ ಒಬ್ಬ ಮದ್ರಾಸಿಂದ ಕಳ್ಸವ್ನೆ. ಎಂಟು ಮಿಲಿಮೀಟರು, ಇದಕ್ಕೆ ಸರಿಯಾದ್ದೇ."

ಮಾವ ಕೋವಿಯನ್ನೂ ಡಬ್ಬಿಯನ್ನೂ ಒಳಗೆ ತಂದುಕೊಟ್ಟರು. ನಳಿಗೆಯ ಮೇಲೆ ಎಂಟು ಮಿಲಿಮೀಟರಿನ ಗುರುತು ಇತ್ತು, ಡಬ್ಬಿಯ ಮೇಲೂ ಎಂಟು. ನಳಿಗೆಯ ಬುಡದಲ್ಲಿ ತೋಟಾ ಕೂರುವ ಅಗಲವಾದ ಗೂಡಿಗೆ ಒಂದನ್ನು ಹಾಕಿ ನೋಡಿದೆ, ಹಿತವಾಗಿ ಕೂತಿತು. ಅದರ ಹಿಂದಿನ ಅಗುಳಿಯಂಥ ಬೋಲ್ಟು ಸಲೀಸಾಗಿ ಮುಚ್ಚಿತು. ಇನ್ನು ನೋಡುವುದೇನೂ ಇರಲಿಲ್ಲ. ಆದರೂ ಹೊಸ ಡಬ್ಬಿ ಬಂದಾಗಲೆಲ್ಲ ಅಳೆಯುವುದು ಅಭ್ಯಾಸವಾಗಿತ್ತು. ಗುಂಡನ್ನು ಮೈಕ್ರೊಮೀಟರಿಗೆ ಹಿಡಿದೆ. ಮುನ್ನೂರ ಇಪ್ಪತ್ತಮೂರು.

ನಳಿಗೆಯನ್ನು ಅಳೆಯಲು ಮಾವನದೊಂದು ವಿಧಾನವಿತ್ತು. ಮೆತ್ತನೆಯ ಸೀಸದ ಉಂಡೆಗೆ ಎಣ್ಣೆ ಹಚ್ಚಿ ನಳಿಗೆಯ ಬಾಯಿಗೆ ತಟ್ಟಿ, ಕಡ್ಡಿಯಿಂದ ನಿಧಾನವಾಗಿ ಆ ತುದಿಯವರೆಗೆ ನೂಕಬೇಕು. ಹೊರಗೆ ಬೀಳುವಷ್ಟರಲ್ಲಿ ನಳಿಗೆಯ ಒಳಗಿನ ಅಚ್ಚು ಅದರ ಮೈಮೇಲೆ ಮೂಡಿರುತ್ತದೆ. ಹಾಗೆಯೇ ಮಾಡಿದೆ. ಉಂಡೆಯ ಅಳತೆ ಮುನ್ನೂರ ಹದಿನೆಂಟು ಬಂತು. ಇನ್ನೊಂದು ಉಂಡೆ ನೂಕಿದೆ. ಮತ್ತೆ ಅಷ್ಟೇ.

ಐದರ ವ್ಯತ್ಯಾಸ. ಒಂದು ಹಾಳೆ ಕಾಗದಕ್ಕಿಂತ ಚೂರು ಹೆಚ್ಚು. ಅಷ್ಟು ದಪ್ಪನೆಯ ಗುಂಡು ಅಷ್ಟು ಕಿರಿದಾದ ನಳಿಗೆಯೊಳಗೆ ನುಗ್ಗಬೇಕಾದರೆ ಹಿಂದಿನ ಮದ್ದಿನ ಒತ್ತಡ ಎಲ್ಲಿಗೆ ಹೋಗಬೇಕು? ಹಿಂದಕ್ಕೇ ಬರಬೇಕು, ಹೊಡೆಯುವವರ ಮುಖಕ್ಕೆ.

ಮಾವನನ್ನು ಕರೆದು ಕಿವಿಯಲ್ಲಿ ಹೇಳಿದೆ. ಅವರ ಮುಖ ಬಿಳಿಚಿತು. "ಜರ್ಮನಿಯೋರು ಮೊದಲು ಸಣ್ಣ ನಳಿಗೆ ಮಾಡಿ, ಆಮೇಲೆ ಚೂರು ದೊಡ್ಡದು ಮಾಡಿದ್ರು ಅಂತ ಯಾವಾಗ್ಲೋ ಕೇಳಿದ್ದೆ. ಕಣ್ಣಲ್ಲಿ ಕಂಡಿರ್ಲಿಲ್ಲ" ಎಂದರು. ಸೀಸದ ಉಂಡೆಯನ್ನೂ ಮೈಕ್ರೊಮೀಟರನ್ನೂ ಹೊರಗೆ ಒಯ್ದು ಅವರ ಮುಂದಿಟ್ಟು, "ಜಮೇದಾರ್ರೇ, ಈ ತೋಟಾ ಈ ಕೋವಿಗೆ ಆಗಲ್ಲ" ಎಂದರು.

"ಯಾಕಾಗಲ್ಲ? ಎಂಟಕ್ಕೆ ಎಂಟು."

"ಗುಂಡು ಚೂರು ದಪ್ಪ."

"ಎಷ್ಟು ದಪ್ಪ?"

ಮಾವ ತಡವರಿಸಿದರು. ಅಂಕಿ ನಾನು ಹೇಳಿದ್ದರೂ ಗಾಬರಿಯಲ್ಲಿ ಅವರಿಗೆ ಮರೆತಿತ್ತು. ಜಮೇದಾರರು ಸೀಸದ ಉಂಡೆಯನ್ನು ಅವರ ಕೈಗೆ ಕೊಟ್ಟು, "ಎಲ್ಲಿ, ತೋರ್ಸು ನೋಡಾಣ" ಎಂದರು. ಮಾವ ಮೈಕ್ರೊಮೀಟರನ್ನು ತಡಕಾಡಿ ಹಿಡಿದರು, ಆದರೆ ಉಂಡೆ ಜಾರಿ ನೆಲಕ್ಕೆ ಬಿತ್ತು. ಅವರು ಅದನ್ನು ಕೈಯಿಂದ ತಡವಿ ಹುಡುಕತೊಡಗಿದರು. ಉಂಡೆ ಅವರ ಮೊಣಕಾಲಿನ ಪಕ್ಕದಲ್ಲೇ ಇತ್ತು.

ಪರದೆಯ ಹಿಂದೆ ನಿಂತು ಅದನ್ನು ನೋಡುವುದು ನನ್ನ ಕೈಲಾಗಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ. ಉಂಡೆ ಎತ್ತಿಕೊಂಡು ಅಳೆದು ಅವರೆದುರಿಗೆ ಹಿಡಿದೆ. "ನಳಿಗೆ ಮುನ್ನೂರ ಹದಿನೆಂಟು. ಗುಂಡು ಮುನ್ನೂರ ಇಪ್ಪತ್ತಮೂರು. ನೀವೇ ನೋಡಿ" ಎಂದೆ.

ಜಮೇದಾರರು ನೋಡಿದ್ದು ಉಪಕರಣವನ್ನಲ್ಲ, ನನ್ನನ್ನು. "ಯಾರಯ್ಯಾ ಈಯಮ್ಮ?"

"ನನ್ನ ಸೊಸೆ."

"ಏಮಯ್ಯಾ ಇದಿ, ಏನಯ್ಯಾ ಇದು! ನಾನು ಇಪ್ಪತ್ತು ವರ್ಷ ಫೌಜಿನಾಗಿದ್ದೋನು. ಒಲೆ ಮುಂದೆ ಕೂರೋ ಹೆಣ್ಣುಮಗಳು ನಂಗೆ ತೋಟಾ ವಿಷಯ ಹೇಳ್ತಾಳಾ? ನಿಂಗೆ ನೋಡೋಕೆ ಆಗಲ್ವಾ?"

ನಡುಮನೆಯಲ್ಲಿ ಅತ್ತೆ ಬಂದು ನಿಂತಿದ್ದರು. ಮಾವ ನೆಲದಿಂದ ಎದ್ದು, ಪಂಚೆಯ ಧೂಳು ಕೊಡವಿಕೊಂಡು, ನಿಧಾನವಾಗಿ ಹೇಳಿದರು.

"ಆಗಲ್ಲ ಜಮೇದಾರ್ರೇ. ನಂಗೆ ಕಣ್ಣು ಕಾಣಲ್ಲ. ಎರಡು ವರ್ಷದಿಂದ ಪೊರೆ. ಈ ಅಂಗಡೀಲಿ ಒಂದು ವರ್ಷದಿಂದ ಎಲ್ಲಾ ನೋಡ್ತಿರೋದು ಇವಳೇ. ನಿಮ್ಮ ಬಂಧುಗಳ ಕೋವೀನೂ ಹೋದ ತಿಂಗಳು ಇವಳೇ ನೋಡಿದ್ದು. ಇವಳು ಆಗಲ್ಲ ಅಂದ್ರೆ ಆಗಲ್ಲ. ಬೇಕಾದ್ರೆ ಹೋಗಿ ಕಚೇರೀಲಿ ಹೇಳಿ."

ಅಷ್ಟು ದಿನ ಬಚ್ಚಿಟ್ಟದ್ದನ್ನು ಅವರು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದರು, ನನ್ನ ಅಳತೆಯ ಮೇಲೆ ನಂಬಿಕೆಯಿಟ್ಟು. ಅಳತೆ ಸರಿಯೆಂದು ನನಗೆ ಗೊತ್ತಿತ್ತು. ಆದರೂ ಆ ಕೋವಿಯಲ್ಲಿ ಆ ತೋಟಾ ಏನೂ ಕೆಡಿಸದೆ ಹಾರಿಬಿಟ್ಟರೆ? ಎಷ್ಟೋ ಸಲ ಹಾಗೂ ಆಗುತ್ತದಂತೆ.

ಜಮೇದಾರರು ಮೀಸೆ ತಿರುವಿದರು. ಅವರು ಕೋಪಿಷ್ಠರು, ಆದರೆ ಕೆಟ್ಟವರಲ್ಲ. "ಸರಿ. ಪರೀಕ್ಷೆ ಮಾಡಾಣ. ಈವತ್ತೇ. ಏನೂ ಆಗ್ಲಿಲ್ಲ ಅಂದ್ರೆ ನಾನು ನೇರವಾಗಿ ಕಚೇರಿಗೆ ಹೋಗ್ತೀನಿ" ಎಂದರು.

ಊರಾಚೆಯ ಕಲ್ಲಿನ ಕ್ವಾರಿಯಲ್ಲಿ ಕೋವಿ ಪರೀಕ್ಷೆ ಮಾಡಲು ಮಾವನಿಗೆ ಅಪ್ಪಣೆ ಇತ್ತು. ಜಮೇದಾರರ ಎತ್ತಿನ ಗಾಡಿಯಲ್ಲೇ ಹೊರಟೆವು. ಆಶ್ಚರ್ಯವೆಂದರೆ ಅತ್ತೆಯೂ ಬಂದು ಗಾಡಿ ಹತ್ತಿ ನನ್ನ ಪಕ್ಕ ಕೂತರು. ದಾರಿಯಲ್ಲಿ ಒಮ್ಮೆ, "ಸರಿಯಾಗಿ ಅಳೆದಿದ್ದೀಯೇನೇ?" ಎಂದು ಕೇಳಿದರು. "ಎರಡು ಸಲ ಅತ್ತೆ" ಎಂದೆ. "ಹಂಗಾದ್ರೆ ಯಾಕೆ ನಡುಗ್ತೀಯ?" ಎಂದು ತಮ್ಮ ಸೆರಗಿನ ತುದಿಯನ್ನು ನನ್ನ ಹೆಗಲ ಮೇಲೆ ಹಾಕಿದರು. ಚಳಿಗೆ ಎಂಬಂತೆ.

ಎರಡು ಮರಳಿನ ಮೂಟೆಗಳ ನಡುವೆ ಕೋವಿಯನ್ನು ಬಿಗಿದು ಕಟ್ಟಿದರು. ಮೂರನೆಯ ಮೂಟೆಯನ್ನು ಕೋವಿಯ ಹಿಂದೆ, ಹೊಡೆಯುವವರ ತಲೆ ಇರುವ ಜಾಗದಲ್ಲಿ ನಿಲ್ಲಿಸುವಂತೆ ಮಾವ ಹೇಳಿದರು. ಟ್ರಿಗರಿಗೆ ಸೆಣಬಿನ ಹುರಿ ಕಟ್ಟಿ, ಹದಿನೈದು ಮಾರು ದೂರ ಬಂಡೆಯ ಮರೆಗೆ ಬಂದು ಕೂತೆವು. ಜಮೇದಾರರೇ ಹುರಿ ಎಳೆದರು.

ಸದ್ದು ಕೋವಿಯ ಸದ್ದಿನಂತಿರಲಿಲ್ಲ. ಮಡಕೆ ಒಡೆದಂತೆ ಚಪ್ಪಟೆಯಾಗಿ ಕೇಳಿಸಿತು. ಎದ್ದು ನೋಡಿದರೆ ಹೊಗೆ ಬರುತ್ತಿದ್ದದ್ದು ನಳಿಗೆಯ ಬಾಯಿಂದಲ್ಲ, ಬೋಲ್ಟಿನ ಸುತ್ತಲಿನಿಂದ. ಹತ್ತಿರ ಹೋದೆವು. ಮರದ ಹಿಡಿ ಉದ್ದಕ್ಕೆ ಸೀಳಿತ್ತು. ಬೋಲ್ಟು ಅಲುಗಾಡಲಿಲ್ಲ. ಹಿಂದಿನ ಮೂಟೆಯಿಂದ ಮರಳು ಸಣ್ಣಗೆ ಸುರಿಯುತ್ತಿತ್ತು. ಜಮೇದಾರರು ಆ ತೂತಿಗೆ ಬೆರಳು ಹಾಕಿ ತೋಟಾದ ಹಿತ್ತಾಳೆಯ ಒಂದು ಚೂರು ತೆಗೆದರು. ಹುಣಸೆಬೀಜದಷ್ಟಿತ್ತು, ಅಂಚು ಹರಿದಿತ್ತು. ಅದನ್ನು ಅಂಗೈಯಲ್ಲಿ ತಿರುವಿ ನೋಡಿದರು. ಆಮೇಲೆ ತಮ್ಮ ಬಲಗಣ್ಣನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಅಮ್ಮಾ" ಎಂದು ನನ್ನ ಕಡೆ ತಿರುಗಿದರು. ಆ ಗಟ್ಟಿ ದನಿ ಎಲ್ಲೋ ಹೋಗಿತ್ತು. "ತಪ್ಪು ಮಾತಾಡ್ದೆ."

ಅತ್ತೆ ತಂದಿದ್ದ ತಂಬಿಗೆಯನ್ನು ಮುಂದೆ ಚಾಚಿ, "ನೀರು ಕುಡೀರಿ ಜಮೇದಾರ್ರೇ, ಬಿಸಿಲಾಗದೆ" ಎಂದರು.

ಆ ಕೋವಿಯ ಆಯಸ್ಸು ಅಲ್ಲಿಗೆ ಮುಗಿಯಿತು. ಆದರೆ ಟೇಕಲ್ಲಿನ ಚಿರತೆ ಹಾಗೇ ಇತ್ತಲ್ಲ. ಅಂಗಡಿಗೆ ಬಂದ ಮೇಲೆ ಜಮೇದಾರರು ಮಾವನನ್ನು ಬಿಟ್ಟು ನನ್ನನ್ನೇ ಕೇಳಿದರು, ಯಾವ ಕೋವಿ ತೆಗೆದುಕೊಳ್ಳಲಿ ಎಂದು. ಇಂಗ್ಲೆಂಡಿಗೆ ಮರಳುತ್ತಿದ್ದ ಗಣಿಯ ದೊರೆಯೊಬ್ಬರು ಮಾರಿಕೊಡಲು ಬಿಟ್ಟುಹೋಗಿದ್ದ ಎರಡು ರೈಫಲ್ಲುಗಳಿದ್ದವು. ಒಂದು ತ್ರೀ-ಸೆವೆಂಟಿಫೈವ್, ಇನ್ನೊಂದು ಟೂ-ಸೆವೆಂಟಿಫೈವ್. ಅವರ ಕೈ ದೊಡ್ಡದರ ಕಡೆಗೇ ಹೋಯಿತು.

ಗಾಡಿ ಹತ್ತುವಾಗ ಅವರು ಬಲಗೈ ಎತ್ತಲಾರದೆ ಎಡಗೈಯಿಂದ ಹಿಡಿದುಕೊಂಡದ್ದನ್ನು ನಾನು ನೋಡಿದ್ದೆ. "ನಿಮ್ಮ ಬಲಭುಜ ನೋಯ್ತದಾ?" ಎಂದು ಕೇಳಿದೆ.

"ಹಳೇ ಗಾಯ. ಯಾಕೆ?"

"ದೊಡ್ಡದು ಒದೀತದೆ. ಒದೆತ ಬರ್ತದೆ ಅಂತ ಗೊತ್ತಾದ್ರೆ ಹೊಡೆಯೋಕೆ ಮೊದಲೇ ಮೈ ಬಿಗಿ ಆಗ್ತದೆ, ಗುರಿ ತಪ್ತದೆ. ಚಿರತೆ ಮೈ ಏನು ಗೋಡೆಯಲ್ಲ. ಚಿಕ್ಕದು ಸಾಕು. ನಿಮ್ಮ ಭುಜಕ್ಕೂ ಅದೇ ಹಿತ."

ಮಾವ ತಲೆದೂಗುತ್ತಿದ್ದರು. ಇದನ್ನು ಅವರು ನನಗೆ ಕಲಿಸಿರಲಿಲ್ಲ. ಗಿರಾಕಿಗಳು ಪರದೆಯ ಆಚೆ ನಿಂತು ಭುಜ ಉಜ್ಜಿಕೊಳ್ಳುತ್ತಾ ಮಾತಾಡುವುದನ್ನು ಕೇಳಿ ಕೇಳಿ ನನಗೇ ತಿಳಿದದ್ದು.

ಚಿಕ್ಕದರ ಕಾಗದಪತ್ರಗಳಿಗೆ ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಕರು ಹೋಯಿತು. ಆಮೇಲೆ ಒಂದು ದಿನ ಟೇಕಲ್ಲಿನಿಂದ ಆಳೊಬ್ಬ ಎರಡು ಸೇರು ಬೆಣ್ಣೆ ತಂದುಕೊಟ್ಟು, "ಒಂದೇ ಈಡಿಗೆ ಬಿತ್ತಂತೆ. ಸೂರ್ಯ ಮುಳುಗೋ ಹೊತ್ನಾಗೆ. ಹೆಂಗಸರು ಮತ್ತೆ ಬೆಟ್ಟಕ್ಕೆ ಹುಲ್ಲಿಗೆ ಹೋಗ್ತಾವ್ರೆ ಅಂತ ಹೇಳು ಅಂದ್ರು" ಎಂದ. ಅತ್ತೆ ಬೆಣ್ಣೆ ಕಾಯಿಸುತ್ತಾ ಬೀದಿಯ ಹೆಂಗಸರಿಗೆಲ್ಲ ಕತೆ ಹೇಳಿದರು. ಹೇಳಿದಂತೆಲ್ಲ ಆ ಹಿತ್ತಾಳೆಯ ಚೂರು ದೊಡ್ಡದಾಗುತ್ತಾ ಹೋಯಿತು.

ಜಮೇದಾರರು ಕಚೇರಿಗೂ ಹೋದರು. ದೂರು ಕೊಡಲು ಅಲ್ಲ. ಈ ಅಂಗಡಿಯ ಲೈಸೆನ್ಸಿನಲ್ಲಿ ಸೊಸೆಯ ಹೆಸರನ್ನೂ ಸೇರಿಸಬೇಕು, ಅದಕ್ಕೆ ತಾವು ಸಾಕ್ಷಿ ಎಂದು ಅರ್ಜಿಗೆ ರುಜು ಹಾಕಿ, ಆ ಹಿತ್ತಾಳೆಯ ಚೂರನ್ನು ಸಾಹೇಬರ ಮೇಜಿನ ಮೇಲೆ ಇಟ್ಟರಂತೆ. ಹೆಣ್ಣುಮಗಳ ಹೆಸರನ್ನು ಹೇಗೆ ಬರೆಯುವುದೆಂದು ಗುಮಾಸ್ತರು ಬಹಳ ದಿನ ತಕರಾರು ಮಾಡಿದರು. ಕೊನೆಗೆ ಬರೆದರು. ಅವತ್ತು ಗೋಣಿಯ ಪರದೆಯನ್ನು ಬಿಚ್ಚಿದ್ದು ಅತ್ತೆ. ಗೋಣಿ ಗಟ್ಟಿಯಾಗಿದೆ, ರಾಗಿಗೆ ಆಗುತ್ತದೆ ಎಂದು ಮಡಚಿ ಒಳಗಿಟ್ಟರು.

ಇನ್ನು ಬಚ್ಚಿಡುವುದೇನೂ ಇಲ್ಲದ ಮೇಲೆ ಮಾವನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಲು ಧೈರ್ಯ ಬಂತು. ಬೆಂಗಳೂರಿನಲ್ಲಿ ಒಂದೊಂದೇ ಕಣ್ಣಿಗೆ ಪೊರೆ ತೆಗೆದರು. ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು, ಅಲ್ಲಾಡದೆ ಎಷ್ಟೋ ದಿನ ಮಲಗಿರಬೇಕಾಗಿತ್ತು. ಸುಮ್ಮನಿರಲಾರದ ಜೀವ, ದಿನಾ ಬೈದುಕೊಳ್ಳುತ್ತಿದ್ದರು. ದಪ್ಪ ಕನ್ನಡಕ ಹಾಕಿಕೊಂಡು ಮನೆಗೆ ಬಂದ ದಿನ ಎಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ನೋಡಿದರು. ಆಮೇಲೆ ಅಂಗಡಿಗೆ ಹೋಗಿ, ನಾನು ರಿಪೇರಿ ಮಾಡಿಟ್ಟಿದ್ದ ಹನ್ನೆರಡು ಬೋರಿನ ಕೋವಿಯನ್ನು ಎತ್ತಿಕೊಂಡು, ಮೂಗಿನ ಹತ್ತಿರ ಹಿಡಿದು, "ಈ ಸ್ಕ್ರೂ ತಲೆ ಕೆಡಿಸಿದ್ದೀಯಲ್ಲಮ್ಮ!" ಎಂದರು. ಅಷ್ಟು ಸಂತೋಷದಿಂದ ಬೈಸಿಕೊಂಡದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಅವರು ಮತ್ತೆ ತಮ್ಮ ಜಾಗದಲ್ಲಿ ಕೂರುತ್ತಾರೆ, ನಾನು ಒಳಗೆ ಹೋಗಬೇಕಾಗುತ್ತದೆ ಎಂದು ಎಣಿಸಿದ್ದೆ. ಅವರು ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿಸಿಕೊಂಡರು, ಅಷ್ಟೇ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ತೋಟಾ ಸಿಗುವುದೇ ಕಷ್ಟವಾಯಿತು. ಕೆಲವು ನಂಬರಿನವು ಬರುವುದೇ ನಿಂತುಹೋಯಿತು. ಆ ದಿನಗಳಲ್ಲಿ ನಾವಿಬ್ಬರೂ ಆಯಿಲ್ ಎಂಜಿನ್ನು, ಹೊಲಿಗೆ ಮಿಷನ್ನು, ಏನು ಬಂದರೂ ಬಿಚ್ಚಿ ಜೋಡಿಸಿ ಕಾಲ ಹಾಕಿದೆವು. ನನಗೆ ಇಬ್ಬರು ಹೆಣ್ಣುಮಕ್ಕಳಾದರು.

ಯುದ್ಧ ಮುಗಿದ ಮಾರನೆಯ ವರ್ಷ ಯಲ್ದೂರಿನಿಂದ ಒಬ್ಬ ಹೆಂಗಸು ಬಂದರು. ನಲವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಮಾವಿನ ತೋಪನ್ನು ತಾವೇ ನೋಡಿಕೊಳ್ಳುತ್ತಿದ್ದರು. ಉದುರಿದ ಹಣ್ಣಿಗೆ ಹಂದಿಗಳು ನುಗ್ಗಿ, ಸಣ್ಣ ಗಿಡಗಳ ಬುಡವನ್ನೂ ಅಗೆದುಹಾಕುತ್ತಿದ್ದವಂತೆ. ಗಂಡನ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು.

"ಕೋಲಾರದಾಗೆ ಕೋವಿ ಅಂಗಡೀಲಿ ಹೆಂಗಸು ಕೂತವ್ರೆ ಅಂತ ಕೇಳ್ದೆ. ಗಂಡಸರನ್ನ ಕೇಳಿದ್ರೆ ನಗ್ತಾರೆ. ದೊಡ್ಡದು ಯಾವ್ದಿದ್ರೂ ಕೊಡಿ ಅಕ್ಕಾ" ಎಂದರು.

ದೊಡ್ಡದು ಬೇಡ ಎಂದೆ. ನಾಲ್ಕೈದು ಕೋವಿಗಳನ್ನು ಅವರ ಭುಜಕ್ಕೆ ಕೊಟ್ಟು ನೋಡಿದೆ. ಕೊನೆಗೆ ಅಮೆರಿಕದ ಒಂದು ಥರ್ಟಿ-ಥರ್ಟಿ ಹೊಂದಿತು. ಹಗುರ, ಗಿಡ್ಡ ನಳಿಗೆ, ಒದೆತ ಕಡಿಮೆ. ಮರದ ನಡುವೆ ಹತ್ತಿರದಿಂದ ಹೊಡೆಯುವ ಹಂದಿಗೆ ಸಾಕಾಗುವಷ್ಟು ತೂಕದ ಗುಂಡು.

"ಹೊಡೆಯೋದು ಹೆಂಗೆ ಅಂತ ನೀವೇ ಬಂದು ತೋರ್ಸ್ಬೇಕು" ಎಂದರು. ಆಮೇಲೆ, "ನೀವು ಎಷ್ಟು ಸಲ ಹೊಡೆದಿದ್ದೀರಾ?" ಎಂದು ಕೇಳಿದರು.

ನನಗೆ ನಗು ಬಂತು. ಹತ್ತು ವರ್ಷದಿಂದ ನೂರಾರು ಕೋವಿ ಬಿಚ್ಚಿದ್ದೆ, ಪ್ರತಿಯೊಂದು ತೋಟಾವನ್ನೂ ಬೆರಳಿನಿಂದ ಹೇಳಬಲ್ಲವಳಾಗಿದ್ದೆ. ಒಂದು ಸಲವೂ ಹೊಡೆದಿರಲಿಲ್ಲ. ಹಾಗೆಂದು ಹೇಳಿದೆ.

"ಹಂಗಾದ್ರೆ ಇಬ್ಬರೂ ಕಲಿಯಾಣ" ಎಂದರು ಅವರು.

ಮಾವ ಕೂಡಲೇ ಅಂದರು, "ಹೋಗಿ ಬಾಮ್ಮ. ಅಂಗಡಿ ನಾನು ನೋಡ್ಕೊತೀನಿ. ಈಗ ಕಣ್ಣಿದೆಯಲ್ಲ."

ಚಿಕ್ಕ ರೈಲಿನಲ್ಲಿ ಶ್ರೀನಿವಾಸಪುರಕ್ಕೆ ಹೋಗಿ, ಅಲ್ಲಿಂದ ಗಾಡಿಯಲ್ಲಿ ಯಲ್ದೂರು ಸೇರಿದೆವು. ತೋಪಿನಲ್ಲಿ ಕಾಯಿ ಇನ್ನೂ ಗೋಲಿಯಷ್ಟಿತ್ತು. ಬದುವಿನ ಮಣ್ಣುದಿಬ್ಬದ ಮುಂದೆ ಒಂದು ಹಳೆಯ ಮಡಕೆ ಇಟ್ಟೆವು. ಅವರು ಮೊದಲು ಹೊಡೆದರು. ಗುಂಡು ದಿಬ್ಬದ ಮೇಲ್ತುದಿಗೆ ಬಿತ್ತು, ಕಾಗೆಗಳೆಲ್ಲ ಎದ್ದುಹೋದವು. ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. ಎರಡನೆಯದು ಮಡಕೆಯ ಅಂಚನ್ನು ಹಾರಿಸಿತು. ಆಮೇಲೆ ಕೋವಿಯನ್ನು ನನ್ನ ಕೈಗೆ ಕೊಟ್ಟರು.

ಹಿಡಿಯನ್ನು ಭುಜಕ್ಕೆ ಒತ್ತಿಕೊಂಡೆ. ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ನನಗೆ ಹೇಳಿಕೊಂಡೆ, ಉಸಿರು ಅರ್ಧ ಬಿಟ್ಟು ನಿಲ್ಲಿಸು, ಎಳೆಯಬೇಡ, ಹಿಂಡು. ಹಿಂಡಿದೆ. ಭುಜಕ್ಕೆ ಯಾರೋ ಅಂಗೈಯಿಂದ ತಳ್ಳಿದಂತಾಯಿತು, ಕಿವಿ ಗುಂಯ್ ಎಂದಿತು. ಕಣ್ಣು ಬಿಟ್ಟಾಗ ಮಡಕೆ ಹಾಗೇ ಇತ್ತು, ಅದಕ್ಕಿಂತ ಒಂದು ಗೇಣು ಆಚೆ ಮಣ್ಣು ಹಾರಿತ್ತು.

"ಅಯ್ಯೋ ತಪ್ಪೋಯ್ತು" ಎಂದೆ.

"ಕಣ್ಣು ಮುಚ್ಕೊಂಡ್ರಲ್ಲ ಅಕ್ಕಾ, ಇನ್ನೇನಾಗ್ತದೆ!" ಎಂದು ಅವರು ಇನ್ನೊಂದು ತೋಟಾ ಚಾಚಿದರು. "ಇನ್ನೊಂದು ಹೊಡೀತೀರಾ?"

"ಹೊಡೀತೀನಿ ಕೊಡಿ" ಎಂದು ಇಸಿದುಕೊಂಡೆ.